ಎಲೀಟ್ ಬ್ಯಾಚ್, ಪರ್ಸನಲ್ ಟ್ರೈನಿಂಗ್, ಸಮ್ಮರ್ ಕ್ಯಾಂಪ್: ಹತ್ತು ವರ್ಷದ ಹುಡುಗನಿಗೆ ಇದೆಲ್ಲ ಬೇಕಾ?

ಪ್ರಶ್ನೆ: ನನ್ನ ಮಗನಿಗೆ 10 ವರ್ಷ, ನವೆಂಬರ್‌ನಲ್ಲಿ ಹುಟ್ಟಿದವನು. ಬೆಂಗಳೂರಿನಲ್ಲಿ ನಮ್ಮ ಏರಿಯಾದ ಟರ್ಫ್ (ಪ್ಲಾಸ್ಟಿಕ್ ಹುಲ್ಲಿನ ಮೈದಾನ) ಒಂದರಲ್ಲಿ ವಾರಕ್ಕೆ ಮೂರು ದಿನ ಫುಟ್‌ಬಾಲ್ ಕೋಚಿಂಗ್‌ಗೆ ಹೋಗುತ್ತಾನೆ, ದಿನಕ್ಕೆ ಒಂದೂವರೆ ಗಂಟೆ. ತಿಂಗಳಿಗೆ 3,500 ರೂಪಾಯಿ. ಸ್ಕೂಲ್ ಟೀಮಿನಲ್ಲೂ ಇದ್ದಾನೆ, ಅಲ್ಲಿ ವಾರಕ್ಕೆ ಎರಡು ದಿನ ಒಂದೊಂದು ಗಂಟೆ. ಶನಿವಾರ ಸಾಮಾನ್ಯವಾಗಿ ಒಂದು ಮ್ಯಾಚ್. ಈಗ ಕೋಚ್ ‘ಹುಡುಗ ಚೆನ್ನಾಗಿದ್ದಾನೆ, ಆದ್ರೆ ಸ್ಟ್ರೆಂತ್ ಸಾಲದು, ಸ್ಪೀಡ್ ಸಾಲದು, ಎಲೀಟ್ ಬ್ಯಾಚ್‌ಗೆ ಹಾಕಿ’ ಅನ್ನುತ್ತಿದ್ದಾರೆ. ಅದು ವಾರಕ್ಕೆ ಇನ್ನೆರಡು ದಿನ, ತಿಂಗಳಿಗೆ 3,000 ಜಾಸ್ತಿ. ಜೊತೆಗೆ ಭಾನುವಾರ ಒಂದು ಗಂಟೆ ಪರ್ಸನಲ್ ಟ್ರೈನಿಂಗ್, ಗಂಟೆಗೆ 1,200. ಬೇಸಿಗೆಯಲ್ಲಿ ಯುರೋಪಿನ ದೊಡ್ಡ ಕ್ಲಬ್ ಒಂದರ ಹೆಸರಿನ ಕ್ಯಾಂಪ್ ಇದೆಯಂತೆ, ಎರಡು ವಾರಕ್ಕೆ 14,000. ನಮ್ಮ ಮನೆಯವರು ಎಲ್ಲದಕ್ಕೂ ಹಾಕೋಣ ಅನ್ನುತ್ತಾರೆ. ಮಗ ಈಗಲೇ ಮನೆಗೆ ಬಂದು ಸೋಫಾ ಮೇಲೆ ಹಾಗೇ ನಿದ್ದೆ ಹೋಗುತ್ತಾನೆ, ಹಿಮ್ಮಡಿ ನೋವು ಅಂತಾನೆ. ಹೇಗೆ ಆರಿಸಬೇಕು? ಶೂ ಯಾವುದು ಕೊಡಿಸಬೇಕು ಅನ್ನೋದನ್ನೂ ಹೇಳಿ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈಗ ಮೂರೂ ಬೇಡ. ಮೊದಲು ಮಗನಿಗೆ ಏನು ಕಮ್ಮಿ ಬೀಳುತ್ತಿದೆ ಅಂತ ಗೊತ್ತಾಗಬೇಕು, ಆಮೇಲೆ ಅದಕ್ಕೆ ತಕ್ಕದ್ದನ್ನು ಹುಡುಕಬೇಕು. ನಮ್ಮಲ್ಲಿ ಆಗೋದು ಉಲ್ಟಾ. ಮೊದಲು ಫೀಸ್ ಕಟ್ಟುತ್ತೇವೆ, ಮೂರು ತಿಂಗಳಾದ ಮೇಲೆ ‘ಇದರಿಂದ ಏನಾಯ್ತು?’ ಅಂತ ತಲೆ ಕೆರೆದುಕೊಳ್ಳುತ್ತೇವೆ.

ಗಂಟೆ ಲೆಕ್ಕ ಹಾಕೋಣ. ಟರ್ಫ್‌ನಲ್ಲಿ ನಾಲ್ಕೂವರೆ, ಸ್ಕೂಲಲ್ಲಿ ಎರಡು, ಶನಿವಾರದ ಮ್ಯಾಚ್ ಒಂದು ಅಂದುಕೊಂಡರೆ ವಾರಕ್ಕೆ ಏಳೂವರೆ ಗಂಟೆ ಆಯಿತು. ಎಲೀಟ್ ಬ್ಯಾಚ್ ಸೇರಿದರೆ ಹತ್ತೂವರೆ, ಪರ್ಸನಲ್ ಸೇರಿದರೆ ಹನ್ನೊಂದೂವರೆ. ಮಕ್ಕಳ ಕ್ರೀಡಾ ಗಾಯಗಳನ್ನು ನೋಡುವ ವೈದ್ಯರು ಬಹಳ ವರ್ಷಗಳಿಂದ ಕೊಡುತ್ತಿರುವ ಒಂದು ಸುಲಭದ ಅಳತೆ ಇದೆ: ಮಗುವಿಗೆ ಎಷ್ಟು ವರ್ಷವೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಕೋಚಿಂಗ್ ಇರಬಾರದು. ಜೊತೆಗೆ ವಾರಕ್ಕೆ ಒಂದೆರಡು ದಿನವಾದರೂ ಪೂರ್ತಿ ರಜೆ, ವರ್ಷಕ್ಕೆ ಎರಡು ಮೂರು ತಿಂಗಳು ಆ ಒಂದೇ ಆಟದಿಂದ ಬಿಡುವು. ನಿಮ್ಮ ಮನೆಯವರ ಪ್ಲಾನ್ ಪ್ರಕಾರ ಹತ್ತು ವರ್ಷದ ಹುಡುಗನಿಗೆ ಹನ್ನೊಂದೂವರೆ ಗಂಟೆ ಬೀಳುತ್ತದೆ, ರಜೆ ಅನ್ನೋದು ಒಂದು ದಿನವೂ ಉಳಿಯೋದಿಲ್ಲ.

ಅದೇ ವೈದ್ಯರು ಇನ್ನೊಂದು ಮಾತು ಹೇಳುತ್ತಾರೆ, ಅದು ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ಕೋಚಿಂಗ್ ಗಂಟೆಗಳು ಮಗು ತನ್ನ ಪಾಡಿಗೆ ಸುಮ್ನೆ ಆಡುವ ಗಂಟೆಗಳ ಎರಡು ಪಟ್ಟು ಮೀರಿದರೆ ಗಾಯದ ಅಪಾಯ ಹೆಚ್ಚು. ಅಂದರೆ ಏಳೂವರೆ ಗಂಟೆ ಕೋಚಿಂಗ್ ಇರುವ ನಿಮ್ಮ ಮಗನಿಗೆ ವಾರಕ್ಕೆ ಮೂರೂ ಮುಕ್ಕಾಲು ಗಂಟೆಯಾದರೂ ಯಾರೂ ಸೀಟಿ ಊದದ ಆಟ ಬೇಕು. ಸಿಗುತ್ತಿದೆಯಾ? ಇಲ್ಲ ಅಂತಲೇ ನನ್ನ ಅಂದಾಜು. ಹಾಗಾದರೆ ಎಕ್ಸ್‌ಟ್ರಾ ಬೇಕಾಗಿರೋದು ಅದೇ.

ಈಗ ಕೋಚಿಂಗ್ ಗುಣಮಟ್ಟಕ್ಕೆ ಬರೋಣ. ಒಂದು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ. ಈ ವಾರ ಒಂದು ದಿನ ಟರ್ಫ್‌ನ ನೆಟ್ ಪಕ್ಕ ಕೂತುಕೊಳ್ಳಿ, ಮೊಬೈಲ್ ಒಳಗಿಡಿ. ಬೇರೆ ಮಕ್ಕಳನ್ನು ನೋಡಬೇಡಿ, ನಿಮ್ಮವನನ್ನು ಮಾತ್ರ ನೋಡಿ. ಅವನ ಕಾಲಿಗೆ ಬಾಲ್ ಎಷ್ಟು ಸಲ ತಾಗಿತು, ಎಷ್ಟು ಹೊತ್ತು ಅವನು ಸಾಲಿನಲ್ಲಿ ನಿಂತಿದ್ದ, ಅಷ್ಟೇ ಎಣಿಸಿ. ಒಂದೇ ಸಾಲಿನ ಕೋನ್ ಇಟ್ಟು ಹನ್ನೆರಡು ಮಕ್ಕಳನ್ನು ಹಿಂದೆ ನಿಲ್ಲಿಸಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬ ಹೋಗಿ ಬರೋಕೆ 20 ಸೆಕೆಂಡ್. ನಿಮ್ಮ ಮಗನ ಸರದಿ ಮತ್ತೆ ಬರೋದು ನಾಲ್ಕು ನಿಮಿಷಕ್ಕೆ. ಇಪ್ಪತ್ತು ನಿಮಿಷದ ಡ್ರಿಲ್‌ನಲ್ಲಿ ಐದು ಸರದಿ, ಅಂದರೆ ನೂರು ಸೆಕೆಂಡ್ ಆಟ. ಉಳಿದ ಹೊತ್ತು ಮುಂದಿನ ಹುಡುಗನ ಬಿಬ್ (ಟೀಮ್ ಗುರುತಿಗೆ ಅಂಗಿ ಮೇಲೆ ಹಾಕುವ ಬಣ್ಣದ ಬನಿಯನ್) ಎಳೆಯೋದು, ಶೂ ಲೇಸ್ ಕಟ್ಟೋದು, ಬೈಸಿಕೊಳ್ಳೋದು. ನೋಡೋರಿಗೆ ಮಾತ್ರ ಕೋನ್, ಬಿಬ್, ಸೀಟಿ ಎಲ್ಲ ಸೇರಿ ಬಹಳ ಶಿಸ್ತಾಗಿ ಕಾಣುತ್ತದೆ.

ಅದೇ ಹನ್ನೆರಡು ಮಕ್ಕಳನ್ನು ಮೂರು ಮೂರು ಜನ ಮಾಡಿ ಎರಡು ಸಣ್ಣ ಪಿಚ್‌ಗಳಲ್ಲಿ ಆಡಿಸಿದರೆ ಯಾರೂ ಸಾಲಿನಲ್ಲಿ ನಿಲ್ಲೋದೇ ಇಲ್ಲ. ಬಾಲ್ ಸಿಗುತ್ತೆ, ಕಳೆದುಕೊಳ್ಳುತ್ತಾನೆ, ಮತ್ತೆ ಓಡಿಹೋಗಿ ಕಿತ್ತುಕೊಳ್ಳುತ್ತಾನೆ. ಎದುರಿಗೆ ಒಬ್ಬ ಬರುತ್ತಿದ್ದಾನೆ, ಪಕ್ಕದಲ್ಲಿ ಒಬ್ಬ ಕೂಗುತ್ತಿದ್ದಾನೆ, ಪಾಸ್ ಕೊಡಲಾ ಅಥವಾ ತಿರುಗಿ ಹೋಗಲಾ ಅಂತ ಅವನೇ ತೀರ್ಮಾನ ಮಾಡಬೇಕು. ಫುಟ್‌ಬಾಲ್ ಅಂದರೆ ಇದೇ ಅಲ್ವಾ. ಕೋನ್ ಯಾವತ್ತೂ ಅಡ್ಡ ಕಾಲು ಹಾಕೋದಿಲ್ಲ.

ನೀವು ನೋಡಿದ ಸೆಷನ್ ಸಾಲಿನದ್ದಾದರೆ ಎಲೀಟ್ ಬ್ಯಾಚ್ ವಿಚಾರ ಅಲ್ಲಿಗೇ ಮುಗಿಯಿತು. ಅದೇ ಸಾಲು, ಅದೇ ಕೋನ್, ಇನ್ನೆರಡು ದಿನ. ಅರ್ಥವಾಗದ ಪಾಠಕ್ಕೆ ಅದೇ ಮೇಷ್ಟ್ರ ಹತ್ತಿರ ಟ್ಯೂಷನ್ ಹಾಕಿಸಿದ ಹಾಗೆ. 3,000 ಸೇರಿಸಿ ಕೊಡೋದಕ್ಕಿಂತ, ಈಗ ಕೊಡುತ್ತಿರುವ 3,500ಕ್ಕೇ ಒಳ್ಳೆಯ ಅಕಾಡೆಮಿ ಸಿಗುತ್ತದಾ ಅಂತ ಸುತ್ತಮುತ್ತ ವಿಚಾರಿಸಿ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಗಿ ಮೊದಲ ಸೀಸನ್ನಿನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದ ಮೇಲೆ ನಮ್ಮ ಊರಲ್ಲಿ ಮಕ್ಕಳ ಫುಟ್‌ಬಾಲ್‌ಗೆ ಒಳ್ಳೆ ಬೇಡಿಕೆ ಬಂದಿದೆ, ಬಡಾವಣೆಗೆ ಎರಡು ಮೂರು ಕೋಚಿಂಗ್ ಜಾಗಗಳಿವೆ. ಆರಿಸೋಕೆ ಅವಕಾಶ ಇದೆ.

‘ಸ್ಟ್ರೆಂತ್ ಸಾಲದು, ಸ್ಪೀಡ್ ಸಾಲದು’ ಅನ್ನೋ ಮಾತಿಗೆ ಬರುತ್ತೇನೆ, ಯಾಕೆಂದರೆ ಇಡೀ ಮಾರಾಟ ನಿಂತಿರೋದು ಇದರ ಮೇಲೆ. ನೀವು ಬರೆದ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನವೆಂಬರ್. ವಯಸ್ಸಿನ ಗುಂಪು ಮಾಡೋದು ಜನವರಿ 1ರ ಲೆಕ್ಕದಲ್ಲಿ. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ ಹುಡುಗ ನಿಮ್ಮ ಮಗನಿಗಿಂತ ಹತ್ತು ತಿಂಗಳು ದೊಡ್ಡವನು, ಆದರೆ ಇಬ್ಬರೂ ಒಂದೇ ಗುಂಪು. ಹತ್ತು ವರ್ಷದ ಮಗುವಿಗೆ ಹತ್ತು ತಿಂಗಳು ಅಂದರೆ ಇಲ್ಲಿಯವರೆಗಿನ ಜೀವನದ ಹನ್ನೆರಡನೇ ಒಂದು ಭಾಗ. ಎತ್ತರದಲ್ಲಿ, ತೂಕದಲ್ಲಿ, ಓಟದಲ್ಲಿ ಅದು ಕಾಣದೆ ಇರುತ್ತದಾ? ಫುಟ್‌ಬಾಲ್ ಬೆಳೆದಿರೋ ದೇಶಗಳಲ್ಲೆಲ್ಲ ಇದನ್ನು ಅಳೆದು ನೋಡಿದ್ದಾರೆ. ಯೂತ್ ಟೀಮ್‌ಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತುಂಬಿರುತ್ತಾರೆ, ಕೊನೆಯ ಮೂರು ತಿಂಗಳವರು ಬೆರಳೆಣಿಕೆ. ಪ್ರತಿಭೆ ಏನೂ ಕ್ಯಾಲೆಂಡರ್ ನೋಡಿ ಹುಟ್ಟೋದಿಲ್ಲ. ದೊಡ್ಡದಾಗಿ ಕಾಣುವ ಹುಡುಗನನ್ನು ಕೋಚ್ ಆರಿಸುತ್ತಾರೆ, ಅಷ್ಟೇ.

ಹಾಗಾಗಿ ‘ಸ್ಟ್ರೆಂತ್ ಸಾಲದು’ ಅಂದರೆ ಅರ್ಧ ಪಾಲು ‘ನವೆಂಬರ್‌ನಲ್ಲಿ ಹುಟ್ಟಿದ್ದಾನೆ’ ಅಂತಲೇ ಅರ್ಥ. ಅದಕ್ಕೆ ತಿಂಗಳಿಗೆ 3,000 ರೂಪಾಯಿಯ ಔಷಧಿ ಇಲ್ಲ. ಗಂಡು ಮಕ್ಕಳು ಸರ್ರನೆ ಎತ್ತರ ಬೆಳೆಯೋದು ಸರಾಸರಿ 14ರ ಸುಮಾರಿಗೆ, ಹೆಣ್ಣು ಮಕ್ಕಳು 12ರ ಸುಮಾರಿಗೆ, ಒಬ್ಬೊಬ್ಬರಿಗೆ ಹಿಂದೆ ಮುಂದೆ. ಅಲ್ಲಿಯವರೆಗೆ ಚಿಕ್ಕ ಹುಡುಗನಿಗೆ ಒಂದು ಲಾಭವೂ ಇದೆ: ಡಿಕ್ಕಿ ಹೊಡೆದು ಗೆಲ್ಲೋಕೆ ಆಗೋದಿಲ್ಲ, ಹಾಗಾಗಿ ಬಾಲ್ ಬರೋದಕ್ಕೆ ಮೊದಲೇ ಆಚೆ ಈಚೆ ನೋಡಿಕೊಂಡು ಒಂದು ಟಚ್‌ನಲ್ಲಿ ಜಾಗ ಮಾಡಿಕೊಳ್ಳೋದನ್ನು ಕಲಿಯುತ್ತಾನೆ. ಕೋಚ್ ಅದನ್ನು ಗಮನಿಸುವಂಥವರಾಗಿದ್ದರೆ.

ಕೋಚ್‌ಗೆ ಒಂದು ಪ್ರಶ್ನೆ ಕೇಳಿ, ನಗುನಗುತ್ತಲೇ ಕೇಳಿ: ‘ಎಲೀಟ್ ಬ್ಯಾಚ್ ಸೇರದೇ ಇದ್ದರೂ ಮ್ಯಾಚ್‌ಗಳಲ್ಲಿ ಈಗಿನ ಹಾಗೇ ಆಡಿಸ್ತೀರಾ ಸರ್?’ ಉತ್ತರ ‘ಖಂಡಿತ’ ಅಂತ ಬಂದರೆ ಸಂತೋಷ. ಮಾತು ಸುತ್ತಿ ಬಳಸಿ ಬಂದರೆ, ಅಥವಾ ‘ಎಲೀಟ್ ಮಕ್ಕಳಿಗೆ ಮೊದಲ ಆದ್ಯತೆ’ ಅಂದರೆ, ಅವರು ಮಾರುತ್ತಿರುವುದು ಆಡುವ ಅವಕಾಶವನ್ನು, ಕಲಿಕೆಯನ್ನಲ್ಲ ಅಂತ ತಿಳಿದುಕೊಳ್ಳಿ. ಟೀಮ್ ಆರಿಸುವವರೇ ಎಕ್ಸ್‌ಟ್ರಾ ಕ್ಲಾಸ್ ಮಾರುವ ಕಡೆ ಈ ಇಕ್ಕಟ್ಟು ಬಂದೇ ಬರುತ್ತದೆ. ಒಳ್ಳೆಯ ಕೋಚ್‌ಗಳು ಅದನ್ನು ಬಾಯಿಬಿಟ್ಟು ಹೇಳಿಕೊಂಡು ನಿಭಾಯಿಸುತ್ತಾರೆ. ಇಲ್ಲದಿದ್ದರೆ ಅಕಾಡೆಮಿ ಬದಲಿಸಿ, ಹತ್ತು ವರ್ಷಕ್ಕೆ ಬದಲಿಸಿದರೆ ಏನೂ ನಷ್ಟ ಇಲ್ಲ.

ಪರ್ಸನಲ್ ಟ್ರೈನಿಂಗ್ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ಆದರೆ ಈಗ ನಡೆಯುತ್ತಿರುವ ರೀತಿಯ ಬಗ್ಗೆ ಇದೆ. ನೀವೂ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿರುತ್ತೀರಿ: ನೆಲದ ಮೇಲೆ ಹಳದಿ ಏಣಿ, ಅದರೊಳಗೆ ಹುಡುಗ ಟಕಟಕ ಅಂತ ಕಾಲಿಡುತ್ತಾನೆ, ಸೊಂಟಕ್ಕೆ ರಬ್ಬರ್ ಬ್ಯಾಂಡ್, ಹಿಂದೆ ಒಂದು ಪ್ಯಾರಾಚೂಟ್, ಕೊನೆಗೆ ಖಾಲಿ ಗೋಲ್‌ಗೆ ಒಂದು ಶಾಟ್, ಮೇಲೆ ಹಾಡು. ಏಣಿಯಲ್ಲಿ ಚುರುಕಾದ ಹುಡುಗ ಏಣಿಯಲ್ಲಿ ಚುರುಕಾಗುತ್ತಾನೆ. ಮ್ಯಾಚ್‌ನಲ್ಲಿ ಅವನಿಗೆ ಬೇಕಾಗಿರೋದು ಎದುರಿನವನ ಸೊಂಟ ಯಾವ ಕಡೆ ವಾಲಿತು ಅಂತ ನೋಡಿ ಅದರ ವಿರುದ್ಧ ಕಡೆಗೆ ಹೋಗೋದು. ಅದು ಏಣಿಗೆ ಗೊತ್ತಿಲ್ಲ.

ಒಳ್ಳೆಯ ಪರ್ಸನಲ್ ಸೆಷನ್ ನೋಡೋಕೆ ಅಷ್ಟು ಚೆನ್ನಾಗಿರೋದಿಲ್ಲ. ಟ್ರೈನರ್ ಹುಡುಗನ ಹಿಂದೆ ನಿಂತು ಒಂದು ಕೈಯಲ್ಲಿ ಕೆಂಪು ಬಿಬ್, ಇನ್ನೊಂದರಲ್ಲಿ ನೀಲಿ ಬಿಬ್ ಹಿಡಿದಿರುತ್ತಾರೆ. ಎದುರಿನಿಂದ ಇನ್ನೊಬ್ಬ ಹುಡುಗ ಪಾಸ್ ಕೊಡುತ್ತಾನೆ. ಬಾಲ್ ಬರುವಷ್ಟರಲ್ಲಿ ಇವನು ಹೆಗಲ ಮೇಲಿಂದ ಹಿಂದೆ ನೋಡಿ ಯಾವ ಬಣ್ಣ ಎತ್ತಿದ್ದಾರೆ ಅಂತ ಕೂಗಿ, ಆ ಕಡೆಗೆ ಮೊದಲ ಟಚ್‌ನಲ್ಲೇ ತಿರುಗಬೇಕು. ತಪ್ಪಾಗುತ್ತೆ, ಬಾಲ್ ಆಚೆ ಹೋಗುತ್ತೆ, ತಂದು ಮತ್ತೆ ಮಾಡುತ್ತಾರೆ. ಆಮೇಲೆ ಬಿಬ್ ಹಿಡಿದವರೇ ಡಿಫೆಂಡರ್ ಆಗಿ ಮೈಮೇಲೆ ಬರುತ್ತಾರೆ. ಎಡಗಾಲಲ್ಲಿ ಮಾಡು ಅನ್ನುತ್ತಾರೆ. ನಡುವೆ ನಿಲ್ಲಿಸಿ ‘ಈಗ ಏನು ನೋಡಿದೆ?’ ಅಂತ ಕೇಳುತ್ತಾರೆ, ತಾವೇ ಉತ್ತರ ಹೇಳೋದಿಲ್ಲ. ಇಂಥ ಸೆಷನ್ ಆದರೆ ದುಡ್ಡಿಗೆ ಮೋಸ ಇಲ್ಲ. ಇದಕ್ಕೆ ಒಬ್ಬನೇ ಇರಬೇಕಾಗಿಯೂ ಇಲ್ಲ, ಮೂರು ನಾಲ್ಕು ಮಕ್ಕಳು ಸೇರಿದರೆ ಇನ್ನೂ ಒಳ್ಳೆಯದು, 1,200 ರೂಪಾಯಿಯನ್ನು ಹಂಚಿಕೊಳ್ಳಲೂಬಹುದು. ಅಂದಹಾಗೆ, ತಿಂಗಳಿಗೆ ನಾಲ್ಕು ಭಾನುವಾರ ಅಂದರೆ 4,800. ಮೂರು ದಿನದ ಕೋಚಿಂಗ್ ಫೀಸಿಗಿಂತ ಜಾಸ್ತಿ.

ಟ್ರೈನರ್‌ಗೆ ಕೇಳಬೇಕಾದ್ದು: ‘ಇವನಿಗೆ ಈಗ ಆಗದೆ ಇರೋದು ಯಾವುದು ಎಂಟು ವಾರದಲ್ಲಿ ಆಗುತ್ತೆ?’ ‘ಕಾನ್ಫಿಡೆನ್ಸ್ ಬರುತ್ತೆ, ಓವರಾಲ್ ಡೆವಲಪ್‌ಮೆಂಟ್’ ಅನ್ನೋದು ಉತ್ತರವಲ್ಲ. ‘ಎಡಗಾಲಲ್ಲಿ ಹದಿನೈದು ಗಜ ಪಾಸ್ ಕೊಡೋಕೆ ಹೆದರುತ್ತಾನೆ, ಅದು ಸರಿ ಹೋಗುತ್ತೆ’ ಅಂದರೆ ಅವರು ಮಗನ ಆಟ ನೋಡಿದ್ದಾರೆ. ಲೈಸೆನ್ಸ್ ಕೇಳೋಕೆ ಸಂಕೋಚ ಬೇಡ. ಭಾರತದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್‌ನಲ್ಲಿ ಡಿ, ಸಿ, ಬಿ, ಎ, ಪ್ರೊ ಅಂತ ಮೆಟ್ಟಿಲುಗಳಿವೆ. ಮಕ್ಕಳ ಕೋಚ್‌ಗೆ ಡಿ ಲೈಸೆನ್ಸ್ ಆದರೂ ಇರಲಿ. ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಪಡೆದ ವಿದೇಶಿ ಸರ್ಟಿಫಿಕೇಟ್ ಅದಕ್ಕೆ ಸಮ ಅಲ್ಲ. ಹಾಗಂತ ಲೈಸೆನ್ಸ್ ನೋಡಿಯೇ ದುಡ್ಡು ಕೊಡಬೇಡಿ, ಒಂದು ಸೆಷನ್ ಕಣ್ಣಾರೆ ನೋಡಿ.

ಇನ್ನೊಂದು ಮುಖ್ಯ ವಿಷಯ, ಇದರಲ್ಲಿ ರಾಜಿ ಬೇಡ. ಒಬ್ಬನೇ ಮಗು ಒಬ್ಬ ದೊಡ್ಡವರ ಜೊತೆ ಇರುವ ಯಾವ ಟ್ರೈನಿಂಗ್ ಆದರೂ ನಾಲ್ಕು ಜನರ ಕಣ್ಣಿಗೆ ಕಾಣುವ ಮೈದಾನದಲ್ಲೇ ಆಗಬೇಕು. ಪೋಷಕರು ಕೂತು ನೋಡೋದು ಬೇಡ ಅನ್ನುವ ಕಡೆ ಹಾಕಬೇಡಿ. ಮೆಸೇಜ್ ನಿಮ್ಮ ಫೋನ್‌ಗೆ ಬರಲಿ, ಮಗನ ಫೋನ್‌ಗೆ ಅಲ್ಲ. ಒಳ್ಳೆಯ ಕೋಚ್‌ಗಳು ಇದಕ್ಕೆ ಬೇಸರ ಮಾಡಿಕೊಳ್ಳೋದಿಲ್ಲ, ಅವರಿಗೂ ಅದು ರಕ್ಷಣೆ.

ಎಕ್ಸ್‌ಟ್ರಾ ಟ್ರೈನಿಂಗ್ ನಿಜವಾಗಿ ಬೇಕಾಗುವ ಮಕ್ಕಳೂ ಇದ್ದಾರೆ. ಹನ್ನೆರಡು ದಾಟಿದ ಗೋಲ್‌ಕೀಪರ್ ಮೊದಲನೆಯವನು. ಎಷ್ಟೋ ಅಕಾಡೆಮಿಗಳಲ್ಲಿ ಕೀಪರ್ ಕೋಚ್ ಇರೋದೇ ಇಲ್ಲ, ಪಾಪ ಆ ಹುಡುಗ ಒಂದೂವರೆ ಗಂಟೆ ಶಾಟ್ ತಿಂದು ಮನೆಗೆ ಹೋಗುತ್ತಾನೆ. ಬೀಳೋದು ಹೇಗೆ ಅಂತ ಕೂಡ ಯಾರೂ ಹೇಳಿಕೊಟ್ಟಿರೋದಿಲ್ಲ. ಅವನಿಗೆ ವಾರಕ್ಕೊಂದು ದಿನ ಬೇರೆ ಕೋಚ್ ಸಿಕ್ಕರೆ ಬಹಳ ಒಳ್ಳೆಯದು. ಹುಡುಗರ ಬ್ಯಾಚ್‌ನಲ್ಲಿ ಒಬ್ಬಳೇ ಇದ್ದು ಬಾಲ್ ಸಿಗದೆ ಒದ್ದಾಡುವ ಹುಡುಗಿಗೆ ಹುಡುಗಿಯರದೇ ಬ್ಯಾಚ್ ಒಂದು ದಿನ ಸಿಕ್ಕರೂ ಆಟವೇ ಬದಲಾಗುತ್ತದೆ. ಗಾಯವಾಗಿ ಎರಡು ತಿಂಗಳು ಕೂತು ಬಂದವನಿಗೂ ಬೇಕು. ನಿಮ್ಮ ಮಗ ಈ ಪಟ್ಟಿಯಲ್ಲಿಲ್ಲ.

ಅವನಿಗೆ ನಾನು ಹೇಳುವುದು ಇಷ್ಟು. ಸ್ಕೂಲಿನ ಎರಡು, ಟರ್ಫ್‌ನ ಮೂರು, ಒಟ್ಟು ಐದು ದಿನದಲ್ಲಿ ಒಂದನ್ನು ಬಿಡಿಸಿ. ಹೌದು, ಕಮ್ಮಿ ಮಾಡಿ. ಆ ಸಂಜೆ ಅಪಾರ್ಟ್‌ಮೆಂಟ್ ಹುಡುಗರ ಜೊತೆ ಆಡಲಿ, ದೊಡ್ಡವರು ಚಿಕ್ಕವರು ಸೇರಿ, ಚಪ್ಪಲಿ ಇಟ್ಟ ಗೋಲ್. ‘ಇಲ್ಲಿ ಬಾಲ್ ಆಡಬಾರದು’ ಅಂತ ಬೋರ್ಡ್ ಹಾಕಿರೋ ಅಸೋಸಿಯೇಷನ್ ಜೊತೆ ಒಂದು ಗಂಟೆಗೆ ಪರ್ಮಿಷನ್ ತೆಗೆದುಕೊಳ್ಳೋದಕ್ಕೆ ನಿಮ್ಮ ಮನೆಯವರ ಉತ್ಸಾಹ ಬಳಸಿಕೊಳ್ಳಿ. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇರೋದು ಕೇಳಿರುತ್ತೀರಿ. ಇಂಡಿಯಾ ಜರ್ಸಿ ತೊಟ್ಟವರು ಬಂದ ಬೀದಿಗಳು ಅವು. ಅಲ್ಲಿ ಆಟ ಬೆಳೆದದ್ದು ಎಲೀಟ್ ಬ್ಯಾಚ್‌ನಿಂದ ಅಲ್ಲ, ಇಕ್ಕಟ್ಟಾದ ಜಾಗದಲ್ಲಿ ತನಗಿಂತ ದೊಡ್ಡವರ ಕಾಲಿನ ನಡುವೆ ಬಾಲ್ ಉಳಿಸಿಕೊಂಡು. ಈಗ ಅದಕ್ಕೆ ಹತ್ತಿರದ್ದು ಫುಟ್ಸಾಲ್: ಐದೈದು ಜನ, ಹೆಚ್ಚು ಪುಟಿಯದ ಬಾಲ್, ಸಣ್ಣ ಕೋರ್ಟ್. ಏನಾದರೂ ಸೇರಿಸಲೇಬೇಕು ಅಂತ ಮನೆಯಲ್ಲಿ ಹಟ ಇದ್ದರೆ, ಬಿಡಿಸಿದ ದಿನದ ಬದಲಿಗೆ ಫುಟ್ಸಾಲ್ ಸೇರಿಸಿ.

ಮನೆಯಲ್ಲಿ ಒಂದು ಗೋಡೆ, ಒಂದು ಬಾಲ್, ಹತ್ತು ಹದಿನೈದು ನಿಮಿಷ. ಎಡಗಾಲಲ್ಲಿ ಹೊಡಿ, ಬಲಗಾಲಲ್ಲಿ ತಗೋ, ಬಲಗಾಲಲ್ಲಿ ಹೊಡಿ, ಎಡಗಾಲಲ್ಲಿ ತಗೋ. ಅವನಿಗೆ ಮನಸ್ಸಿದ್ದ ದಿನ ಮಾತ್ರ, ನೀವು ಗಡಿಯಾರ ಹಿಡಿದು ನಿಲ್ಲಬೇಡಿ. ಬಾಲ್ ಸೈಜ್ 4 ಇರಲಿ. ಅಂಗಡಿಯಲ್ಲಿ ಸುಮ್ನೆ ಫುಟ್‌ಬಾಲ್ ಕೊಡಿ ಅಂದರೆ 5 ಕೊಟ್ಟುಬಿಡುತ್ತಾರೆ, ಅದು ಹದಿಮೂರು ದಾಟಿದವರಿಗೆ. ಹೆಡಿಂಗ್ ಪ್ರಾಕ್ಟೀಸ್ ಈ ವಯಸ್ಸಿಗೆ ಬೇಡವೇ ಬೇಡ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ನಿಲ್ಲಿಸಿದರು, ಇಂಗ್ಲೆಂಡಿನಲ್ಲಿ 2020ರಿಂದ ಪ್ರೈಮರಿ ಮಕ್ಕಳ ಟ್ರೈನಿಂಗ್‌ನಲ್ಲಿ ಬೇಡ ಅಂದರು.

ಹಿಮ್ಮಡಿ ನೋವನ್ನು ಮಾತ್ರ ತಳ್ಳಿ ಹಾಕಬೇಡಿ. ಎಂಟರಿಂದ ಹದಿನಾಲ್ಕರ ಒಳಗಿನ ಆಟಗಾರರಲ್ಲಿ ಇದು ಬಹಳ ಸಾಮಾನ್ಯ. ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರೋದಿಲ್ಲ, ಮೀನಖಂಡದ ಸ್ನಾಯು ಅದನ್ನು ಎಳೆಯುತ್ತಿರುತ್ತದೆ, ಗಟ್ಟಿ ಟರ್ಫ್ ಮೇಲೆ ದಿನಾ ಓಡಿದರೆ ಅದು ಉರಿಯುತ್ತದೆ. ಡಾಕ್ಟರು ಸೀವರ್ಸ್ ಅನ್ನುತ್ತಾರೆ. ಮಲಗಿರುವಾಗ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತಿ ನೋಡಿ, ಚುರುಕ್ ಅಂದರೆ ಬಹುತೇಕ ಅದೇ. ಮುಖ್ಯ ಮದ್ದು ಓಟ ಕಮ್ಮಿ ಮಾಡೋದು, ಬೆಳೆದ ಮೇಲೆ ತಾನಾಗಿ ಹೋಗುತ್ತದೆ. ಆದರೂ ಮಕ್ಕಳ ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ. ಕುಂಟುತ್ತಿದ್ದರೆ, ರಾತ್ರಿ ನೋವಿಗೆ ಎದ್ದರೆ, ಒಂದೇ ಕಾಲು ಊದಿದ್ದರೆ ತಡ ಮಾಡಬೇಡಿ. ಹಿಮ್ಮಡಿ ನೋವಿನ ಹುಡುಗನಿಗೆ ಎಲೀಟ್ ಬ್ಯಾಚ್ ಸೇರಿಸೋದು ಯಾವ ಲೆಕ್ಕದಲ್ಲೂ ಸರಿ ಅಲ್ಲ. ಇನ್ನೊಂದು: ಕೋಚ್ ವಾರ್ಮ್‌ಅಪ್ ಅಂತ ಬರೀ ಎರಡು ರೌಂಡ್ ಓಡಿಸುತ್ತಿದ್ದರೆ ‘ಫಿಫಾ 11+ ಕಿಡ್ಸ್’ ಗೊತ್ತಾ ಅಂತ ಕೇಳಿ. ಒಂಟಿ ಕಾಲಲ್ಲಿ ನಿಲ್ಲೋದು, ಹಾರಿ ಇಳಿಯೋದು, ಬೀಳೋದು ಹೇಗೆ ಅಂತ ಕಲಿಸುವ ಏಳು ವ್ಯಾಯಾಮ. ಯುರೋಪಿನ ನಾಲ್ಕು ದೇಶಗಳಲ್ಲಿ ಮಾಡಿ ನೋಡಿದಾಗ ಮಕ್ಕಳ ಗಾಯ ಸುಮಾರು ಅರ್ಧಕ್ಕೆ ಇಳಿಯಿತು. ಪುಕ್ಕಟೆ ಸಿಗುತ್ತದೆ.

ಬೇಸಿಗೆ ಕ್ಯಾಂಪ್. ಮಗನಿಗೆ ಆ ಕ್ಲಬ್ ಅಂದರೆ ಪ್ರಾಣ, ಜರ್ಸಿ ಸಿಗುತ್ತೆ ಅಂತ ಕುಣಿಯುತ್ತಿದ್ದಾನೆ ಅಂದರೆ ಹಬ್ಬದ ಖರ್ಚು ಅಂದುಕೊಂಡು ಕಳಿಸಿ, ತಪ್ಪಿಲ್ಲ. ಸೆಲೆಕ್ಷನ್ ಆಗುತ್ತೆ, ಯುರೋಪಿಗೆ ಕರೆಸಿಕೊಳ್ಳುತ್ತಾರೆ ಅನ್ನೋ ಆಸೆಯಿಂದ ಕಳಿಸಬೇಡಿ. ದುಡ್ಡು ಕಟ್ಟುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ತಿಳಿದುಕೊಳ್ಳಿ: ಎರಡು ವಾರವೂ ಮೈದಾನದಲ್ಲಿ ನಿಲ್ಲುವ ಕೋಚ್ ಯಾರು (ಉದ್ಘಾಟನೆಗೆ ಬಂದು ಹೋಗುವವರಲ್ಲ), ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು, ದಿನದ ಯಾವ ಹೊತ್ತು. ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಹುಲ್ಲು ನಿಜವಾದ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಹನ್ನೊಂದು ಗಂಟೆಯ ಸೆಷನ್ ಅಂದರೆ ಬೇಡ ಅನ್ನಿ. ನನ್ನನ್ನು ಕೇಳಿದರೆ ಬೇಸಿಗೆ ರಜೆಯ ಎರಡು ತಿಂಗಳು ಫುಟ್‌ಬಾಲ್‌ಗೇ ರಜೆ ಕೊಟ್ಟು ಈಜು ಕಲಿಸಿ, ಹಿಮ್ಮಡಿಗೂ ಆರಾಮ. ನೋವು ಪೂರ್ತಿ ಹೋದ ಮೇಲೆ ಊರಿಗೆ ಹೋದಾಗ ಖೋ ಖೋ, ಕಬಡ್ಡಿ ಆಡಲಿ. ಎದುರಿನವನನ್ನು ಯಾಮಾರಿಸೋದನ್ನು ಖೋ ಖೋ ಕಲಿಸಿದಷ್ಟು ಚೆನ್ನಾಗಿ ಯಾವ ಏಣಿಯೂ ಕಲಿಸೋದಿಲ್ಲ.

ಶೂ ಕೇಳಿದ್ದೀರಿ. ಟರ್ಫ್ ಮೇಲೆ ಆಡುವವನಿಗೆ ಉದ್ದ ಸ್ಟಡ್‌ನ (ಅಡಿಯಲ್ಲಿ ಮುಳ್ಳಿನ ಹಾಗೆ ಚಾಚಿರುವ) ಶೂ ಬೇಡ, ಅದು ಹುಲ್ಲಿನ ಮೈದಾನಕ್ಕೆ. ಪ್ಲಾಸ್ಟಿಕ್ ಹುಲ್ಲಿನಲ್ಲಿ ಸ್ಟಡ್ ಕಚ್ಚಿಕೊಂಡು ಮೊಣಕಾಲು ತಿರುಚಬಹುದು, ಹಿಮ್ಮಡಿಗೂ ಭಾರ ಬೀಳುತ್ತದೆ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬುಟುಗಳಿರುವ, ಬಾಕ್ಸ್ ಮೇಲೆ ಟಿಎಫ್ ಅಂತ ಬರೆದಿರುವ ಶೂ ತೆಗೆದುಕೊಳ್ಳಿ. ಮಗನನ್ನೇ ಕರೆದುಕೊಂಡು ಹೋಗಿ, ಆಟದ ಸಾಕ್ಸ್ ಹಾಕಿಸಿ ನೋಡಿ, ಹೆಬ್ಬೆರಳ ಮುಂದೆ ಅರ್ಧ ಬೆರಳಿನಷ್ಟು ಜಾಗ ಸಾಕು. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ.